ನಿದ್ರೆಯೂ ಎಚ್ಚರದ ಗುಳಿಗೆಯೂ

ಶಹಾಪುರದ ಬೆಟ್ಟಸಾಲನ್ನು ದೂರದಿಂದ ನೋಡಿದವರಿಗೆ ಅದರಲ್ಲಿ ಮಲಗಿದ ಬುದ್ಧನ ಆಕೃತಿ ಕಾಣುತ್ತದೆ. ಆ ಕಲ್ಲಿನ ಪುರುಷನ ನಿದ್ರೆಗೆ ಭಂಗವೆಂಬುದಿಲ್ಲ. ಅವನ ಸುತ್ತಣ ಹೊಲಗಳ ಒಕ್ಕಲಿಗನಿಗೆ ಆ ಭಾಗ್ಯವಿಲ್ಲ. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರು ಕಾಲುವೆಗಳ ಮೂಲಕ ಶಹಾಪುರ, ಸುರಪುರಗಳ ನೆಲಕ್ಕೆ ಬಂದ ಮೇಲೆ ಜೋಳ, ತೊಗರಿಗಳ ನೆರೆಯಲ್ಲಿ ಬತ್ತದ ಗದ್ದೆಗಳೂ ಹಬ್ಬಿದವು. ನೀರಿನ ಸರದಿಯು ಹಗಲು ರಾತ್ರಿಯೆಂದು ನೋಡುವುದಿಲ್ಲ. ಪಂಪಿಗೆ ವಿದ್ಯುತ್ತು ಪಾಳಿಯ ಮೇಲೆ ಬರುವ ಕಡೆಗಳಲ್ಲಂತೂ ನಡುರಾತ್ರಿಯಲ್ಲಿ ಎದ್ದು, ಬ್ಯಾಟರಿ ಹಿಡಿದು, ಹಾವುಚೇಳುಗಳ ನಡುವೆ ಬದುವಿನ ಮೇಲೆ ನಡೆಯಬೇಕಾಗುತ್ತದೆ. ಯಾದಗಿರಿಯ ನಿಲ್ದಾಣವನ್ನು ಹಾದುಹೋಗುವ ಮುಂಬಯಿ–ಚೆನ್ನೈ ಮಾರ್ಗದ ಗಾಡಿಗಳನ್ನು ನಡೆಯಿಸುವವರು, ಸುರಪುರದಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹೊಡೆಯುವವರು, ಪರೀಕ್ಷೆಯ ಹಿಂದಿನ ದಿನ ದೀಪದ ಮುಂದೆ ಕುಳಿತ ವಿದ್ಯಾರ್ಥಿಗಳು, ಇವರೆಲ್ಲರೂ ಒಂದೇ ಪಂಕ್ತಿಯವರು. ಇವರಿಗೆ ಆಧಾರ ಒಂದು ಲೋಟ ಚಹಾ. ಈಚಿನ ವರ್ಷಗಳಲ್ಲಿ, ಪೇಟೆಯ ಮಾತು ಬಲ್ಲ ಕೆಲವರಿಗೆ, ಒಂದು ಗುಳಿಗೆ.

ನಿದ್ರೆಗೆಟ್ಟ ಮೆದುಳಿನಲ್ಲಿ ಆಗುವುದೇನು? ನಾವು ಎಚ್ಚರವಾಗಿರುವಷ್ಟು ಕಾಲವೂ ಮೆದುಳಿನ ಜೀವಕೋಶಗಳು ಶಕ್ತಿಯನ್ನು ವ್ಯಯಮಾಡುತ್ತವೆ; ಆ ವ್ಯಯದಿಂದ ಅಡೆನೊಸಿನ್ ಎಂಬ ವಸ್ತು ಕ್ರಮೇಣ ಶೇಖರವಾಗುತ್ತದೆ. ಅದು ತನಗೆಂದೇ ಇರುವ ಗ್ರಾಹಕಗಳಲ್ಲಿ ಹೋಗಿ ಕೂತಂತೆಲ್ಲ ತೂಕಡಿಕೆ ಹೆಚ್ಚುತ್ತದೆ. ನಿದ್ರೆಯಲ್ಲಿ ಅದರ ಶೇಖರ ಇಳಿಯುತ್ತದೆ. ಚಹಾ ಕಾಫಿಗಳಲ್ಲಿರುವ ಕೆಫೀನ್ ಮಾಡುವುದು ಇಷ್ಟೇ: ಅಡೆನೊಸಿನ್ ಕೂರಬೇಕಾದ ಪೀಠದಲ್ಲಿ ತಾನು ಹೋಗಿ ಕೂರುತ್ತದೆ. ಶೇಖರವಾದದ್ದು ಹಾಗೆಯೇ ಬಾಗಿಲ ಹೊರಗೆ ನಿಂತಿರುತ್ತದೆ. ವಯಸ್ಕರಲ್ಲಿ ಸುಮಾರು 5 ಗಂಟೆಗೆ ಕೆಫೀನಿನ ಅರ್ಧಭಾಗ ದೇಹದಿಂದ ಇಳಿದುಹೋಗುವುದರಿಂದ, ಸಂಜೆಯ ಚಹಾ ರಾತ್ರಿಯ ನಿದ್ರೆಯನ್ನು ಕದಿಯುವುದೂ ಸಹಜವೇ.

ಗುಳಿಗೆಗಳ ಚರಿತ್ರೆ ಇನ್ನೊಂದು ಬಗೆಯದು. 1887ರಲ್ಲಿ ಬರ್ಲಿನ್ನಿನಲ್ಲಿ ತಯಾರಾದ ಆಂಫೆಟಮಿನ್ ಮತ್ತು ಅದರ ಬಂಧುವರ್ಗವನ್ನು ಎರಡನೆಯ ಮಹಾಯುದ್ಧದಲ್ಲಿ ಎರಡು ಪಕ್ಷದ ಸೈನಿಕರೂ ನುಂಗಿದರು. ಅದು ಚಟ ಹತ್ತಿಸುವುದೆಂಬುದನ್ನು ಲೋಕವು ತಡವಾಗಿ ಕಂಡುಕೊಂಡಿತು. ಬಳಿಕ ಫ್ರಾನ್ಸಿನಲ್ಲಿ ಮೊಡಾಫಿನಿಲ್ ಹುಟ್ಟಿತು. ಹಗಲಿನಲ್ಲಿಯೇ ತಡೆಯಲಾರದ ನಿದ್ರೆ ಬರುವ ರೋಗಿಗಳಿಗಾಗಿ ಅಮೆರಿಕವು ಅದಕ್ಕೆ 1998ರಲ್ಲಿ ಅನುಮತಿಯಿತ್ತಿತು. ಅದು ಮೆದುಳಿನಲ್ಲಿ ಡೋಪಮಿನ್ ಬೇಗ ಹಿಂದಕ್ಕೆ ಸೇರದಂತೆ ತಡೆಯುತ್ತದೆ.

ಇವು ಕಣ್ಣನ್ನು ತೆರೆದಿಡುತ್ತವೆಯೆಂಬುದರಲ್ಲಿ ಸಂದೇಹವಿಲ್ಲ. ವಿವೇಕವನ್ನೂ ತೆರೆದಿಡುತ್ತವೆಯೋ ಎಂಬುದೇ ಪ್ರಶ್ನೆ. ಅಮೆರಿಕದ ಸೇನೆಯ ವಾಲ್ಟರ್ ರೀಡ್ ಸಂಶೋಧನಾ ಸಂಸ್ಥೆಯಲ್ಲಿ ನಿದ್ರೆಗೆಟ್ಟವರಿಗೆ ಕೆಫೀನ್ 600 ಮಿಲಿಗ್ರಾಂ, ಡೆಕ್ಸ್ಟ್ರೊಆಂಫೆಟಮಿನ್ 20, ಮೊಡಾಫಿನಿಲ್ 400, ಹೀಗೆ ಕೊಟ್ಟು ನೋಡಿದರು. ಎಚ್ಚರವನ್ನು ಮೂರೂ ಮರಳಿಸಿದವು. ಯೋಜಿಸುವ, ತೂಗಿನೋಡುವ ಕೆಲಸಗಳಲ್ಲಿ ಮಾತ್ರ ಫಲವು ಏಕರೂಪವಾಗಲಿಲ್ಲ. 75 ಗಂಟೆ ಎಚ್ಚರವಿದ್ದವರಿಗೆ ಲಾಭನಷ್ಟಗಳನ್ನೆಣಿಸಿ ಎಲೆ ಆರಿಸುವ ಆಟವೊಂದನ್ನು ಕೊಟ್ಟಾಗ ಕೆಫೀನ್ ಅವರ ದುಡುಕನ್ನು ತಿದ್ದಲಿಲ್ಲ. ಕೆನಡಾದಲ್ಲಿ 1997ರಲ್ಲಿ ಪ್ರಕಟವಾದ ಪರೀಕ್ಷೆಯು ನಮಗೆ ಇನ್ನೂ ಹೆಚ್ಚಿನದಾಗಿ ತೋರುತ್ತದೆ: ಮೊಡಾಫಿನಿಲ್ ತೆಗೆದುಕೊಂಡವರು ಕೆಲವು ಗಂಟೆಗಳ ಕಾಲ ತಮ್ಮ ಸಾಮರ್ಥ್ಯವನ್ನು ಇದ್ದುದಕ್ಕಿಂತ ಮಿಗಿಲಾಗಿ ಎಣಿಸಿದರು. ಬಳಲಿದೆನೆಂದು ಬಲ್ಲವನು ಗಾಡಿಯನ್ನು ನಿಲ್ಲಿಸಿಯಾನು. ಬಳಲಿಲ್ಲವೆಂದು ನಂಬಿದವನು ನಿಲ್ಲಿಸುವುದೆಂತು?

ಔಷಧವಿಲ್ಲದೆಯೂ ಈ ಭ್ರಮೆ ಉಂಟು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2003ರಲ್ಲಿ ತಿಳಿಸಿದಂತೆ, 14 ದಿನ ರಾತ್ರಿಗೆ 6 ಗಂಟೆಯನ್ನು ಮೀರದೆ ಮಲಗಿದವರ ಗಮನಶಕ್ತಿಯು ಇಡೀ ರಾತ್ರಿ ನಿದ್ರೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಅವರಿಗೆ ಮಾತ್ರ ಅದರ ಅರಿವು ಸ್ವಲ್ಪವೇ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ, 17 ಗಂಟೆ ಎಡೆಬಿಡದೆ ಎಚ್ಚರವಿದ್ದವನ ಕೈಕಣ್ಣುಗಳ ಹೊಂದಿಕೆಯನ್ನು ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿದ್ದವನದಕ್ಕೆ ಸಮವೆಂದು ಅಳೆದರು. ಬೆಳಗಿನ 6ಕ್ಕೆ ಎದ್ದು, ಹೊಲ ಮನೆ ನೋಡಿ, ರಾತ್ರಿ 11ಕ್ಕೆ ಪಂಪಿನ ಗುಂಡಿಯೊತ್ತಲು ಹೊರಡುವವನಿಗೆ ಸರಿಯಾಗಿ 17 ಗಂಟೆಗಳೇ ಆಗುತ್ತವೆ! ಆತ ಹೆಂಡ ಮುಟ್ಟದವನಾದರೂ, ಒದ್ದೆ ಕೈಯಲ್ಲಿ ವಿದ್ಯುತ್ ಪೆಟ್ಟಿಗೆಯ ಬಾಗಿಲು ತೆರೆಯುವಾಗ ಅವನ ಕೈ ಅರ್ಧ ಕುಡಿದವನದು.

ಮೊಡಾಫಿನಿಲ್ ವೈದ್ಯರ ಚೀಟಿಯ ಮೇಲೆ ಕೊಳ್ಳತಕ್ಕ ಔಷಧ. ತಲೆನೋವು ಸಾಮಾನ್ಯ, ಅಪರೂಪವಾಗಿ ಪ್ರಾಣಕ್ಕೆ ಬರುವಂಥ ಚರ್ಮದ ಬೊಕ್ಕೆಗಳೇಳುವುದುಂಟು, ಗರ್ಭನಿರೋಧಕ ಮಾತ್ರೆಗಳ ಬಲವನ್ನೂ ಅದು ಕುಗ್ಗಿಸುತ್ತದೆ. ಸ್ನೇಹಿತನ ಜೇಬಿನಿಂದ ಪಡೆದು ನುಂಗುವವರಿಗೆ ಇದನ್ನು ಹೇಳುವವರಾರು?

ರಾತ್ರಿಯ ದುಡಿಮೆ ತಪ್ಪದವರಿಗೆ ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದವರು ವಾಹನ ಚಾಲಕರಲ್ಲಿ ಪರೀಕ್ಷಿಸಿದ ಸುಲಭೋಪಾಯವೊಂದಿದೆ. ಕಾಫಿ ಕುಡಿದ ಕೂಡಲೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ 15 ನಿಮಿಷ ಕಣ್ಣು ಮುಚ್ಚುವುದು. ಕೆಫೀನಿನ ಪ್ರಭಾವ ತೋರಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟರೊಳಗೆ ಸಣ್ಣದೊಂದು ಜೊಂಪು ಮುಗಿದಿರುತ್ತದೆ. ಪಂಪುಮನೆಯ ಕಟ್ಟೆಯ ಮೇಲೂ ಇದು ಸಾಧ್ಯ, ಕಂಬಳಿ ಹಾಸುವ ಮುನ್ನ ಬ್ಯಾಟರಿ ಹಚ್ಚಿ ಮೂಲೆಗಳನ್ನು ನೋಡಿಕೊಂಡರೆ.