ಸಣ್ಣ ಸಭಾಂಗಣಗಳಲ್ಲಿ ಬ್ಯಾಂಡ್ ಕಾರ್ಯಕ್ರಮ: ಸಬ್‌ವೂಫರ್ ಎಲ್ಲಿರಬೇಕು?

ವಾರಾಂತ್ಯದ ಸಂಜೆಗಳಲ್ಲಿ ಬ್ಯಾಂಡ್ ಕರೆಸಿ ಹಾಡಿಸುವುದು ಬೆಂಗಳೂರಿನ ಅನೇಕ ರೆಸ್ಟೋರೆಂಟ್, ಪಬ್ ಹಾಗೂ ಕ್ಲಬ್‌ಗಳಲ್ಲಿ ವಹಿವಾಟಿನ ಒಂದು ಅಂಗವಾಗಿದೆ. ನೂರೈವತ್ತು ಜನ ಹಿಡಿಸುವ ಇಂತಹ ಸ್ಥಳಗಳ ಮಾಲೀಕರು ಧ್ವನಿವರ್ಧಕಗಳಿಗೆ ಹಣ ಹೂಡುವಾಗ ಬ್ರ್ಯಾಂಡ್, ವಾಟ್ ಮತ್ತು ಬೆಲೆಯನ್ನು ಎಚ್ಚರಿಕೆಯಿಂದ ವಿಚಾರಿಸುತ್ತಾರೆ. ಪೆಟ್ಟಿಗೆಯನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಮಾತ್ರ ಕೊನೆಗೆ ಬರುತ್ತದೆ. ಮೇಜು ಕುರ್ಚಿಗಳಿಗೆ ಬೇಡವಾದ ಮೂಲೆಯೇ ಸಬ್‌ವೂಫರ್‌ನ ಪಾಲಾಗುತ್ತದೆ. ಇದರ ಫಲವಾಗಿ ಒಂದು ಮೇಜಿನವರಿಗೆ ಎದೆ ಅದುರುತ್ತದೆ, ನಾಲ್ಕು ಹೆಜ್ಜೆ ಆಚೆಯ ಮೇಜಿನವರಿಗೆ ಬೇಸ್ ಗಿಟಾರ್ ನುಡಿಯುತ್ತಿದೆಯೆಂಬುದೇ ತಿಳಿಯುವುದಿಲ್ಲ, ಮೇಲಂತಸ್ತಿನ ಮನೆಯವರು ಪೊಲೀಸ್ ಠಾಣೆಗೆ ದೂರವಾಣಿ ಮಾಡುತ್ತಾರೆ. ಇನ್ನೂ ದೊಡ್ಡ ಆಂಪ್ಲಿಫೈಯರ್ ತಂದರೆ ಈ ಮೂರರಲ್ಲಿ ಯಾವುದೂ ಸರಿಹೋಗುವುದಿಲ್ಲ, ಮೂರನೆಯದು ಬಿಗಡಾಯಿಸುತ್ತದೆ.

ಸಬ್‌ವೂಫರ್ ಎಂಬುದು ಸುಮಾರು 40ರಿಂದ 100 ಹರ್ಟ್ಸ್ ವರೆಗಿನ ಮಂದ್ರಧ್ವನಿಯನ್ನು ಮಾತ್ರ ಹೊರಡಿಸಲೆಂದು ಮಾಡಿದ ಪೆಟ್ಟಿಗೆ. ಸೌಂಡ್ ಸರ್ವಿಸ್‌ನವರ ಬಾಯಲ್ಲಿ ಇದು ಬರಿಯ ‘ಬೇಸ್’. ನಾಲ್ಕು ತಂತಿಯ ಬೇಸ್ ಗಿಟಾರಿನ ಅತ್ಯಂತ ತಗ್ಗಿನ ಸ್ವರ 41 ಹರ್ಟ್ಸ್‌ನದು. ಕಿಕ್ ಡ್ರಮ್ಮಿನ ಗುದ್ದು ಹೆಚ್ಚಾಗಿ 50ರಿಂದ 80 ಹರ್ಟ್ಸ್ ನಡುವೆ ಇರುತ್ತದೆ. ಚಿತ್ರಗೀತೆಗಳ ಆರ್ಕೆಸ್ಟ್ರಾಗಳು ಬಳಸುವ ಆಕ್ಟೋಪ್ಯಾಡ್‌ನ ದಪ್ಪ ಹೊಡೆತಗಳಿಗೂ ಈ ಪೆಟ್ಟಿಗೆಯೇ ಆಧಾರ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆಯಾದ್ದರಿಂದ 40 ಹರ್ಟ್ಸ್ ಧ್ವನಿಯ ಒಂದು ಅಲೆ 8.6 ಮೀಟರ್ ಉದ್ದವಿರುತ್ತದೆ. 80 ಹರ್ಟ್ಸ್‌ನದು 4.3 ಮೀಟರ್. ಗಾಯಕನ ಉಚ್ಚಾರವನ್ನು ಸ್ಪಷ್ಟಗೊಳಿಸುವ 4000 ಹರ್ಟ್ಸ್‌ನ ಅಲೆಯಾದರೋ ಕೇವಲ ಎಂಟೂವರೆ ಸೆಂಟಿಮೀಟರ್. ಗಿಡ್ಡ ಅಲೆಯನ್ನು ಟಾರ್ಚಿನ ಬೆಳಕಿನಂತೆ ಬೇಕಾದ ಕಡೆಗೆ ತಿರುಗಿಸಬಹುದು. ಕೋಣೆಯಷ್ಟೇ ಉದ್ದದ ಅಲೆಗೆ ಪೆಟ್ಟಿಗೆಯ ಮುಖ ಯಾವ ಕಡೆಗಿದೆ ಎಂಬುದು ಲೆಕ್ಕಕ್ಕೇ ಬಾರದು. ಅದು ಎಲ್ಲ ದಿಕ್ಕಿಗೂ ಹರಡಿ ಗೋಡೆಗೆ ತಾಗಿ ಹಿಂದಿರುಗುತ್ತದೆ, ಹಿಂದಿರುಗಿದ ಅಲೆ ಮುಂಬರುವ ಅಲೆಯೊಡನೆ ಕೂಡುತ್ತದೆ ಇಲ್ಲವೇ ಕಳೆಯುತ್ತದೆ. ಸ್ಥಳ ನಿರ್ಧಾರದ ಶಾಸ್ತ್ರವೆಲ್ಲ ಈ ಕೂಡುವ-ಕಳೆಯುವ ಲೆಕ್ಕವೇ.

ಮೊದಲು ಲಾಭದ ಭಾಗವನ್ನು ನೋಡಬಹುದು. ನೆಲದ ಮೇಲಿರುವ ಸಬ್‌ವೂಫರನ್ನು ಗೋಡೆಗೆ ಒತ್ತರಿಸಿ ಇಟ್ಟರೆ ಸಿದ್ಧಾಂತದ ಪ್ರಕಾರ ಧ್ವನಿಮಟ್ಟ 6 ಡೆಸಿಬಲ್ ಏರುತ್ತದೆ. ಎರಡು ಗೋಡೆ ಕೂಡುವ ಮೂಲೆಯಲ್ಲಿಟ್ಟರೆ ಇನ್ನೂ 6. ಇಟ್ಟಿಗೆಯ ಬದಲು ಗಾಜು ಅಥವಾ ಜಿಪ್ಸಂ ಹಲಗೆಯ ಗೋಡೆಯಿದ್ದಲ್ಲಿ ಅಷ್ಟು ದಕ್ಕುವುದಿಲ್ಲವೆಂಬುದು ನಿಜ. ಆದರೂ 6 ಡೆಸಿಬಲ್ ಎಂದರೆ ಆಂಪ್ಲಿಫೈಯರಿನ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದಂತೆ. 500 ವಾಟ್‌ನಿಂದ 2000 ವಾಟ್‌ಗೆ ಹೋಗಲು ಮಾಡಬೇಕಾದ ಖರ್ಚನ್ನು ಗೋಡೆ ಪುಕ್ಕಟೆಯಾಗಿ ಉಳಿಸಿಕೊಡುತ್ತದೆ. ಖರೀದಿಗೆ ಮುನ್ನ ಈ ಅಂಶವನ್ನು ಗಮನಿಸದಿರುವುದು ಜಾಣತನವಲ್ಲ.

ಗೋಡೆಯಿಂದ ಸ್ವಲ್ಪ ದೂರ ಸರಿದೊಡನೆ ಅದೇ ಗೋಡೆ ನಷ್ಟವನ್ನೂ ತರುತ್ತದೆ. ಹಿಂದಿನ ಗೋಡೆಗೆ ಹೋಗಿಬಂದ ಅಲೆ ಅರ್ಧ ತರಂಗದಷ್ಟು ತಡವಾಗಿ ಬಂದರೆ ಮೂಲ ಅಲೆಯನ್ನೇ ಅಳಿಸುತ್ತದೆ. ಯಾವ ಆವೃತ್ತಿ ಹೀಗೆ ಸೊರಗುತ್ತದೆ ಎಂಬುದನ್ನು ತಿಳಿಯಲು 343ನ್ನು ಗೋಡೆಯಿಂದಿರುವ ದೂರದ ನಾಲ್ಕರಷ್ಟರಿಂದ ಭಾಗಿಸಿದರೆ ಸಾಕು. 1 ಮೀಟರ್ ದೂರಕ್ಕೆ 86 ಹರ್ಟ್ಸ್, ಒಂದೂವರೆ ಮೀಟರಿಗೆ 57 ಹರ್ಟ್ಸ್, 2 ಮೀಟರಿಗೆ 43 ಹರ್ಟ್ಸ್. ಒಂದೂವರೆ ಮೀಟರ್ ಅತ್ಯಂತ ಕೆಟ್ಟ ದೂರ, ಏಕೆಂದರೆ ಕಿಕ್ ಡ್ರಮ್ಮಿನ ಹೊಟ್ಟೆಯೇ ಅಲ್ಲಿ ಕರಗಿಹೋಗುತ್ತದೆ. ಎರಡೂವರೆ ಮೀಟರಿಗೆ ಬಂದಾಗ ಈ ಹೊಂಡ 34 ಹರ್ಟ್ಸ್‌ಗೆ ಇಳಿಯುತ್ತದೆ, ಅದರ ಮುಂದಿನ ಹೊಂಡ 103ಕ್ಕೆ ಏರುತ್ತದೆ. ಎರಡೂ ಬ್ಯಾಂಡಿಗೆ ಬೇಕಾದ ವಲಯದ ಹೊರಗೇ ಉಳಿಯುತ್ತವೆ. ಆದುದರಿಂದ ಪೆಟ್ಟಿಗೆ ಗೋಡೆಗೆ ತಾಗಿಕೊಂಡಂತಿರಬೇಕು, ಅಥವಾ ಎರಡೂವರೆ ಮೀಟರ್ ಆಳದ ವೇದಿಕೆಯ ಮುಂಭಾಗದಲ್ಲಿರಬೇಕು. ನಡುವಿನ ದೂರಗಳಲ್ಲಿ ಕೈ ಸುಟ್ಟುಕೊಳ್ಳುವ ಸಂಭವ ಹೆಚ್ಚು. ತಾಗಿಕೊಂಡಂತೆ ಎಂದಾಗ ಪೆಟ್ಟಿಗೆಯ ಹಿಂಬದಿಯಲ್ಲಿ ಆಂಪ್ಲಿಫೈಯರಿನ ಬಿಸಿ ಹೋಗಲು ನಾಲ್ಕಾರು ಇಂಚು ಬಿಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ರೂಢಿಯಾಗಿರುವುದು ವೇದಿಕೆಯ ಎಡಕ್ಕೊಂದು, ಬಲಕ್ಕೊಂದು ಸಬ್‌ವೂಫರ್. ಕಣ್ಣಿಗೆ ಇದು ಚೆಂದ. ಕಿವಿಗೆ ಹಾಗಲ್ಲ. ಎರಡೂ ಪೆಟ್ಟಿಗೆಗಳಿಂದ ಸಮಾನ ದೂರದಲ್ಲಿರುವ ನಡುಗೆರೆಯ ಮೇಲೆ ಬೇಸ್ ದಟ್ಟವಾಗಿರುತ್ತದೆ, ಬದಿಗೆ ಸರಿದಂತೆ ಒಂದರ ಅಲೆ ಇನ್ನೊಂದರದ್ದನ್ನು ಕಳೆಯುತ್ತದೆ. ಪೆಟ್ಟಿಗೆಗಳ ನಡುವೆ 6 ಮೀಟರ್ ಅಂತರವಿದೆ ಎಂದಿಟ್ಟುಕೊಳ್ಳಿ. ಅವುಗಳ ಸಾಲಿನಿಂದ 5 ಮೀಟರ್ ಹಿಂದೆ, ನಡುಗೆರೆಯಿಂದ 3 ಮೀಟರ್ ಪಕ್ಕಕ್ಕೆ ಕುಳಿತವನಿಗೆ ಒಂದು ಪೆಟ್ಟಿಗೆ 5 ಮೀಟರ್ ದೂರ, ಇನ್ನೊಂದು 7.8 ಮೀಟರ್. ಈ 2.8 ಮೀಟರ್ ವ್ಯತ್ಯಾಸ 61 ಹರ್ಟ್ಸ್ ಅಲೆಯ ಸರಿಯಾಗಿ ಅರ್ಧ. ಅಂದರೆ ಕಿಕ್ ಡ್ರಮ್ ಮತ್ತೆ ಮಾಯ. ಪೆಟ್ಟಿಗೆಗಳನ್ನು 4 ಮೀಟರ್ ಅಂತರಕ್ಕೆ ತಂದರೆ ಅದೇ ಕುರ್ಚಿಯಲ್ಲಿ ಕಳೆತ 87 ಹರ್ಟ್ಸ್‌ಗೆ ಸರಿಯುತ್ತದೆ. ಸಬ್‌ವೂಫರಿನ ಕಾರ್ಯವ್ಯಾಪ್ತಿಯನ್ನು 80 ಹರ್ಟ್ಸ್‌ಗೆ ಮುಗಿಸಿದರೆ ಅದರಿಂದ ಹೆಚ್ಚಿನ ಬಾಧೆಯಿಲ್ಲ. ಎರಡನ್ನೂ ಒಂದರ ಪಕ್ಕ ಒಂದು ಜೋಡಿಸಿ ವೇದಿಕೆಯ ಮಧ್ಯದಲ್ಲಿಟ್ಟರೆ ಈ ತೊಂದರೆ ಸಂಪೂರ್ಣ ನಿವಾರಣೆಯಾಗುತ್ತದೆ. ಹಣ ಕೊಡುವ ಗ್ರಾಹಕರಲ್ಲಿ ಬಹುಪಾಲು ನಡುಗೆರೆಯ ಮೇಲೆ ಕೂರುವುದಿಲ್ಲವಾದ್ದರಿಂದ ಇದು ಸಣ್ಣ ವಿಷಯವೇನಲ್ಲ.

ಹಾಗಿದ್ದರೆ ಮಧ್ಯದ ಜೋಡಣೆಯೇ ಎಲ್ಲಕ್ಕೂ ಮದ್ದೇ? ಅಲ್ಲ. ಕೋಣೆಗೆ ಅದರದೇ ಆದ ಸ್ವರಗಳಿವೆ. ಎದುರುಬದುರು ಗೋಡೆಗಳ ನಡುವಿನ ಅಂತರಕ್ಕೆ ಅರ್ಧ ಅಲೆಗಳು ಸರಿಯಾಗಿ ಹೊಂದಿಕೊಂಡಾಗ ಆ ಸ್ವರ ಕೋಣೆಯಲ್ಲಿ ನಿಂತೇಬಿಡುತ್ತದೆ. ವಾದಕ ತಂತಿಯನ್ನು ಬಿಟ್ಟ ಮೇಲೂ ಗುಂಯ್‌ಗುಡುತ್ತದೆ. 12 ಮೀಟರ್ ಉದ್ದ, 8 ಮೀಟರ್ ಅಗಲದ (ಸುಮಾರು 40 ಅಡಿಗೆ 26 ಅಡಿ) ಸಭಾಂಗಣವನ್ನು ತೆಗೆದುಕೊಳ್ಳೋಣ. ಉದ್ದದ ಸ್ವರಗಳು 14, 29, 43 ಹರ್ಟ್ಸ್. ಅಗಲದವು 21, 43, 64. ಉದ್ದದ ಮೂರನೆಯದೂ ಅಗಲದ ಎರಡನೆಯದೂ 43ರಲ್ಲಿ ಒಂದರ ಮೇಲೊಂದು ಬಿದ್ದಿವೆ. ಬೇಸ್ ಗಿಟಾರಿನ 41 ಹರ್ಟ್ಸ್‌ನ ಬಿಡಿ ತಂತಿ ಅದರ ಪಕ್ಕದಲ್ಲೇ ಇದೆ! ಇಂತಹ ಕೋಣೆಯಲ್ಲಿ ವಾದಕ ಎಷ್ಟೇ ಹದವಾಗಿ ನುಡಿಸಿದರೂ ಆ ಒಂದು ಸ್ವರ ಉಳಿದವುಗಳ ಮೇಲೆ ಸವಾರಿ ಮಾಡುತ್ತದೆ. ಕಟ್ಟಡ ಕಟ್ಟುವಾಗ ಉದ್ದ ಅಗಲಗಳು 3:2ರಂತಹ ಸರಳ ಪ್ರಮಾಣದಲ್ಲಿದ್ದರೆ ಹೀಗಾಗುತ್ತದೆಂಬುದನ್ನು ವಾಸ್ತುಶಿಲ್ಪಿಗಳು ಮೊದಲೇ ಎಚ್ಚರಿಸಬೇಕಿತ್ತು. ಗೋಡೆ ಎದ್ದ ಮೇಲೆ ಉಳಿಯುವುದು ಪೆಟ್ಟಿಗೆಯ ಸ್ಥಾನವೊಂದೇ.

8 ಮೀಟರ್ ಅಗಲದ ನಟ್ಟನಡುವೆ ಸಬ್‌ವೂಫರ್ ಇಟ್ಟರೆ ಅಗಲದ 43 ಹರ್ಟ್ಸ್ ಗರಿಷ್ಠವಾಗಿ ಕೆರಳುತ್ತದೆ. ಪಕ್ಕದ ಗೋಡೆಗಳಿಂದ ತಲಾ 2 ಮೀಟರ್ ಬಿಟ್ಟು, ಅಂದರೆ ಅಗಲದ ಕಾಲು ಮತ್ತು ಮುಕ್ಕಾಲು ಭಾಗಗಳಲ್ಲಿ ಒಂದೊಂದು ಪೆಟ್ಟಿಗೆ ಇಟ್ಟು ಎರಡಕ್ಕೂ ಒಂದೇ ಸಂಕೇತ ಕೊಟ್ಟರೆ 43 ಹರ್ಟ್ಸ್ ಏಳುವುದಿಲ್ಲ, ಏಕೆಂದರೆ ಆ ಬಿಂದುಗಳಲ್ಲಿ ಅದರ ಒತ್ತಡ ಸೊನ್ನೆ. 21 ಮತ್ತು 64 ಹರ್ಟ್ಸ್‌ಗಳನ್ನು ಎರಡು ಪೆಟ್ಟಿಗೆಗಳು ಪರಸ್ಪರ ವಜಾ ಮಾಡುತ್ತವೆ. ಉದ್ದದ 43 ಹರ್ಟ್ಸ್ ಉಳಿಯಿತು. ಗೋಡೆಯಿಂದ 2 ಮೀಟರ್ ದೂರದಲ್ಲಿ 43 ಹರ್ಟ್ಸ್ ಸೊರಗುತ್ತದೆ ಎಂದು ಮೇಲೆ ಹೇಳಿದೆಯಷ್ಟೆ. ಈ ಕೋಣೆಯ ಮಟ್ಟಿಗೆ ಆ ದೋಷವೇ ಗುಣ. ಎರಡರಿಂದ ಎರಡೂವರೆ ಮೀಟರ್ ಆಳದ ವೇದಿಕೆಯ ಮುಂದೆ, 4 ಮೀಟರ್ ಅಂತರದಲ್ಲಿ ಎರಡು ಪೆಟ್ಟಿಗೆಗಳು ಇಲ್ಲಿ ಯೋಗ್ಯವಾದ ವ್ಯವಸ್ಥೆ. ಇನ್ನೊಂದು ಅಳತೆಯ ಕೋಣೆಗೆ ಇನ್ನೊಂದು ಉತ್ತರ. ಒಂದಕ್ಕಿಂತ ಹೆಚ್ಚು ಸಬ್‌ವೂಫರ್‌ಗಳನ್ನು ಹಂಚಿಡುವುದರಿಂದ ಕೋಣೆಯ ಸ್ವರಗಳು ಹೇಗೆ ತಣಿಯುತ್ತವೆ ಎಂಬುದರ ಕುರಿತು ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಹೆಸರಾದುದು.

ಲೆಕ್ಕ ಒಗ್ಗದವರಿಗೆ ಸರಳ ಪರೀಕ್ಷೆಯೊಂದಿದೆ. ಗ್ರಾಹಕರು ಕೂರುವ ಮುಖ್ಯ ಸ್ಥಳದಲ್ಲಿ ಸಬ್‌ವೂಫರನ್ನೇ ಇಟ್ಟು ಬೇಸ್ ಗಿಟಾರಿನ ಧ್ವನಿಮುದ್ರಿಕೆಯೊಂದನ್ನು ಹಚ್ಚಬೇಕು. ಬಳಿಕ ಪೆಟ್ಟಿಗೆ ಇಡಲು ಸಾಧ್ಯವಿರುವ ಒಂದೊಂದೇ ಜಾಗಕ್ಕೆ ಹೋಗಿ, ನೆಲದ ಹತ್ತಿರ ಬಗ್ಗಿ ಕಿವಿಗೊಡಬೇಕು. ಎಲ್ಲಿ ಎಲ್ಲ ಸ್ವರಗಳೂ ಸಮವಾಗಿ ಕೇಳುತ್ತವೆಯೋ ಅದೇ ಪೆಟ್ಟಿಗೆಯ ಸ್ಥಾನ. ಶಬ್ದ ಅತ್ತಿಂದಿತ್ತ ಹೋದಂತೆಯೇ ಇತ್ತಿಂದತ್ತಲೂ ಹೋಗುವುದರಿಂದ ಈ ಅದಲುಬದಲು ಸಾಧ್ಯ. ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಒಂದು ಗಂಟೆಯ ಕೆಲಸ.

ಜಾಗ ಉಳಿಸಲೆಂದು ಸಬ್‌ವೂಫರನ್ನು ಪ್ಲೈವುಡ್ ವೇದಿಕೆಯ ಕೆಳಗೆ ತಳ್ಳುವ ಪದ್ಧತಿ ಕೆಲವೆಡೆ ಇದೆ. ಟೊಳ್ಳು ವೇದಿಕೆ ತಾನೇ ದೊಡ್ಡ ಡ್ರಮ್ಮಿನಂತೆ ನುಡಿಯುತ್ತದೆ, ಮೈಕ್ ಸ್ಟ್ಯಾಂಡಿನ ಮೂಲಕ ಅದುರು ಮೈಕಿಗೇರಿ ಮತ್ತೆ ಸ್ಪೀಕರಿಗೆ ಹೋಗಿ ಊಳಿಡತೊಡಗುತ್ತದೆ. ಕೆಳಗಿಡಲೇಬೇಕಾದರೆ ಪೆಟ್ಟಿಗೆ ಕಟ್ಟಡದ ನೆಲದ ಮೇಲಿರಬೇಕು, ವೇದಿಕೆಯ ಚೌಕಟ್ಟಿಗೆ ಎಲ್ಲೂ ತಾಗಬಾರದು. ಗಾಯಕರ ಮೈಕುಗಳನ್ನು ಮಿಕ್ಸರಿನಲ್ಲಿ ಸಬ್‌ವೂಫರಿನಿಂದ ಬೇರ್ಪಡಿಸಿ, ಕಿಕ್, ಬೇಸ್, ಕೀಬೋರ್ಡ್‌ಗಳನ್ನಷ್ಟೇ ಅದಕ್ಕೆ ಕಳುಹಿಸಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ವೇದಿಕೆಯ ಹಿಂದೆ ವಾಸದ ಮನೆ ಇದ್ದಾಗ ಹಿಂದಕ್ಕೆ ಹೋಗುವ ಬೇಸನ್ನು ತಗ್ಗಿಸುವ ಕಾರ್ಡಿಯಾಯ್ಡ್ ಜೋಡಣೆಯನ್ನು ಮಾರಾಟಗಾರರು ಸೂಚಿಸುವುದುಂಟು. ಒಂದರ ಹಿಂದೆ ಒಂದು ಮೀಟರ್ ಅಂತರದಲ್ಲಿ ಎರಡು ಪೆಟ್ಟಿಗೆ ಇಟ್ಟು, ಹಿಂದಿನದಕ್ಕೆ ಧ್ರುವತೆ ತಿರುವಿ, 2.9 ಮಿಲಿಸೆಕೆಂಡ್ ವಿಳಂಬ ಕೊಟ್ಟರೆ ಬೆನ್ನ ಕಡೆ ಎರಡೂ ಒಂದನ್ನೊಂದು ಅಳಿಸುತ್ತವೆ. ಬಯಲಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಸಣ್ಣ ಕೋಣೆಯಲ್ಲಿ ಎದುರು ಗೋಡೆಯಿಂದ ಹಿಂದಿರುಗುವ ಬೇಸ್ ಈ ಲಾಭದ ಬಹುಭಾಗವನ್ನು ನುಂಗುತ್ತದೆ. ಇಮ್ಮಡಿ ಹಣ ಕೊಡುವ ಮುನ್ನ ಒಂದು ದಿನದ ಬಾಡಿಗೆಗೆ ತಂದು ಪರೀಕ್ಷಿಸುವುದು ಲೇಸು.

ಸಬ್‌ವೂಫರ್ ಹಿಂದಿನ ಗೋಡೆಗಿದ್ದು ಮೇಲಿನ ಸ್ಪೀಕರ್‌ಗಳು 2 ಮೀಟರ್ ಮುಂದಿದ್ದರೆ ಅವುಗಳಿಗೆ 5.8 ಮಿಲಿಸೆಕೆಂಡ್ ವಿಳಂಬ ಕೊಡಬೇಕು. ಎರಡೂ ಕೂಡುವ 80 ಹರ್ಟ್ಸ್‌ನ ಸ್ವರವನ್ನು ಹಚ್ಚಿ ಸಬ್‌ವೂಫರಿನ ಧ್ರುವತೆಯ ಗುಂಡಿಯನ್ನು ಅತ್ತಿತ್ತ ಮಾಡಿದಾಗ ಜೋರಾಗಿ ಕೇಳುವುದೇ ಸರಿಯಾದ ಸ್ಥಿತಿ.

ಕಾನೂನಿನ ಪ್ರಶ್ನೆ ಇನ್ನೂ ಗಂಭೀರ. ಬೆಂಗಳೂರಿನಲ್ಲಿ ಲೈವ್ ಬ್ಯಾಂಡ್ ನಡೆಸುವ ಸ್ಥಳಗಳಿಗೆ ಪರವಾನಗಿ ವಿಧಿಸಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದಿದೆ. ಶಬ್ದ ಮಾಲಿನ್ಯ ನಿಯಮಗಳು 2000ರ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ನಿರ್ಬಂಧದಿಂದ ಮುಚ್ಚಿದ ಸಭಾಂಗಣಗಳೊಳಗಿನ ಬಳಕೆಗೆ ವಿನಾಯಿತಿ ಇದೆಯಾದರೂ, ಖಾಸಗಿ ಸ್ಥಳದ ಗಡಿಯಲ್ಲಿ ಶಬ್ದವು ಆ ಪ್ರದೇಶದ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ. ರಾತ್ರಿಯ ಮಿತಿ ವಾಣಿಜ್ಯ ಪ್ರದೇಶಕ್ಕೆ 55, ವಸತಿ ಪ್ರದೇಶಕ್ಕೆ 45. ಈ ಅಳತೆ ಮನುಷ್ಯನ ಕಿವಿಯನ್ನು ಅನುಕರಿಸುವ ‘ಎ’ ಮಾಪನದ್ದು. 63 ಹರ್ಟ್ಸ್ ಸ್ವರಕ್ಕೆ ಅದು 26 ಡೆಸಿಬಲ್ ಕಡಿಮೆ ತೋರಿಸುತ್ತದೆ. ಗಡಿಯಲ್ಲಿ ಮೀಟರ್ 60 ಎನ್ನುವಾಗ ಆ ಸ್ವರ ನಿಜಕ್ಕೂ 86 ಇರಬಹುದು. ಕಾಗದದ ಮೇಲೆ ಮಾಲೀಕ ನಿರ್ದೋಷಿ, ಪಕ್ಕದ ಮನೆಯಲ್ಲಿ ಮಗು ನಿದ್ರಿಸುವಂತಿಲ್ಲ. ಇಂದಿರಾನಗರ, ಕೋರಮಂಗಲದಂತಹ ಅಂಗಡಿ-ಮನೆಗಳು ಬೆರೆತ ಬಡಾವಣೆಗಳಲ್ಲಿ ದೂರುಗಳು ಏಳುವುದು ಹೀಗೆ. ಮನೆಗೆ ಹೊಂದಿಕೊಂಡ ಗೋಡೆಗೆ ಪೆಟ್ಟಿಗೆ ಒತ್ತರಿಸಬಾರದು, 6 ಡೆಸಿಬಲ್ ಲಾಭ ಕೈಬಿಟ್ಟರೂ ಚಿಂತೆಯಿಲ್ಲ. ಕೆಳಗೆ ವಾಸವಿದ್ದರೆ ದಪ್ಪ ರಬ್ಬರ್ ಮೆತ್ತೆ ಹಾಸಬೇಕು. ಒಳಗಿನ ಕಿವಿಗಳ ಮಟ್ಟಿಗೆ, ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ 15 ನಿಮಿಷದ ಸರಾಸರಿ 100 ಡೆಸಿಬಲ್ ಮೇಲ್ಮಿತಿಯನ್ನು ಸೂಚಿಸಿದೆ.

ಸ್ಥಾನ ಗೊತ್ತಾದ ಮೇಲೆ ನೆಲದ ಮೇಲೆ ಬಣ್ಣದಲ್ಲಿ ಗುರುತು ಹಾಕಿ, ಸೌಂಡ್ ಸರ್ವಿಸ್‌ನವರೊಡನೆ ಮಾಡುವ ಕರಾರಿನಲ್ಲಿ ಅದನ್ನು ಬರೆಸುವುದು ಒಳಿತು. ವಾರಕ್ಕೊಬ್ಬ ಹುಡುಗ ಬಂದು ವಾರಕ್ಕೊಂದು ಕಡೆ ಇಡುವುದು ತಪ್ಪುತ್ತದೆ. ಸಂಜೆ ಐದಕ್ಕೆ ಖಾಲಿ ಸಭಾಂಗಣದಲ್ಲಿ ಹದ ಮಾಡಿದ ಧ್ವನಿ ಒಂಬತ್ತಕ್ಕೆ ಜನ ತುಂಬಿದಾಗ ಬದಲಾಗುತ್ತದೆ. ಜನರ ಮೈ, ಬಟ್ಟೆಗಳು ಮೇಲಿನ ಸ್ವರಗಳನ್ನು ಹೀರುತ್ತವೆ, ಬೇಸನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಹಾಡು ಮಂಕಾಯಿತೆನಿಸಿದರೆ ಆಗ ಸಬ್‌ವೂಫರನ್ನು ಒಂದಿಷ್ಟು ಇಳಿಸಿ ನೋಡಬೇಕು.