ಕಿಡೆಪೊಗೆ ಹೊರಡುವ ಮುನ್ನ

ಗಲ್ಫ್‌ನಲ್ಲಿರುವ ನಮ್ಮ ಮಕ್ಕಳಿಗೆ ಈಗ ಆಫ್ರಿಕಾ ಸಫಾರಿಯ ಆಸೆ. ದುಬೈಯಿಂದ ಉಗಾಂಡದ ಎಂಟೆಬ್ಬೆಗೆ ನೇರ ವಿಮಾನ ಉಂಟು. ಊರಿನಿಂದ ಉಮ್ಮ, ಬಾಪ ದುಬೈಗೆ ಬಂದರೆ ಎಲ್ಲರೂ ಒಟ್ಟಿಗೆ ಹೋಗಬಹುದು ಎಂಬುದು ಅವರ ಲೆಕ್ಕ. ಲೆಕ್ಕ ಸರಿ. ಆದರೆ ಹೋಗಬೇಕಾದ ಜಾಗ ಕಿಡೆಪೊ ಕಣಿವೆಯಾದರೆ ಟಿಕೆಟ್‌ಗಿಂತ ಮೊದಲು ನೋಡಬೇಕಾದ್ದು ಬೇರೆಯೇ ಇದೆ.

ಉಗಾಂಡದ ಈಶಾನ್ಯ ಮೂಲೆಯಲ್ಲಿ, ದಕ್ಷಿಣ ಸುಡಾನ್ ಗಡಿಗೆ ತಾಗಿಕೊಂಡಿರುವ ಈ ರಾಷ್ಟ್ರೀಯ ಉದ್ಯಾನ 1,442 ಚದರ ಕಿಲೋಮೀಟರ್ ವಿಸ್ತಾರವಾಗಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದ 1962ರಲ್ಲೇ ಇದೂ ಆಯಿತು. ಅಲ್ಲಿ ಬೇಟೆಯಾಡಿ ಬದುಕುತ್ತಿದ್ದ ಇಕ್ ಜನರನ್ನು ಕಣಿವೆಯಿಂದ ಹೊರಗೆ ಹಾಕಲಾಯಿತು. ಅವರ ಮನೆಗಳು ಈಗ ಮೊರುಂಗೊಲೆ ಬೆಟ್ಟದ ಮೇಲಿವೆ. ಸಫಾರಿ ಪುಸ್ತಿಕೆಗಳಲ್ಲಿ ಇದಕ್ಕೆ ಜಾಗ ಕಡಿಮೆ.

ಕಿಡೆಪೊ ನದಿ ವರ್ಷದ ಬಹುಪಾಲು ಬರೀ ಮರಳು. ನೀರು ಉಳಿಯುವುದು ನಾರುಸ್ ಕಣಿವೆಯಲ್ಲಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಆನೆ, ಜೀಬ್ರಾ, ಜಿರಾಫೆ, ಕಾಡೆಮ್ಮೆಗಳ ದೊಡ್ಡ ಹಿಂಡು ಎಲ್ಲವೂ ಅಲ್ಲಿಗೇ ಬರುತ್ತವೆ, ಹಿಂದೆಯೇ ಸಿಂಹ. ನಮ್ಮೂರ ಶಾಲೆಗಳ ದೊಡ್ಡ ರಜೆ ಏಪ್ರಿಲ್, ಮೇ. ಆಗ ಅಲ್ಲಿ ಮಳೆ, ಹುಲ್ಲು ಎತ್ತರ, ಪ್ರಾಣಿಗಳು ಚದುರಿರುತ್ತವೆ, ರಸ್ತೆ ಕೆಸರು. ಅಷ್ಟು ಹಣ ಸುರಿದು ಹುಲ್ಲು ನೋಡಿ ಬರುವುದೇಕೆ? ಡಿಸೆಂಬರ್ ಕೊನೆಯ ರಜೆಯೇ ವಾಸಿ ಎನ್ನುತ್ತೇವೆ ನಾವು.

ಕಂಪಾಲದಿಂದ ರಸ್ತೆಯಲ್ಲಿ ಸುಮಾರು 570 ಕಿಲೋಮೀಟರ್. ಕೆಲವರು ಒಂದೇ ದಿನದಲ್ಲಿ ಮುಗಿಸುತ್ತಾರೆ; ಮಂಡಿನೋವಿನ ಉಮ್ಮನನ್ನು ಕೂರಿಸಿಕೊಂಡು ಆ ಸಾಹಸ ಬೇಡ. ಗುಲುವಿನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಕಿಟ್ಗುಮ್ ದಾಟಿ ಹೋಗಬೇಕು. ಸಣ್ಣ ವಿಮಾನವೂ ಉಂಟು, ಉದ್ಯಾನದೊಳಗಿನ ಅಪೋಕದಲ್ಲೇ ಇಳಿಸುತ್ತದೆ. ದುಬಾರಿ, ಆದರೆ ಹಿರಿಯರಿಗಾಗಿ ಬೇರೆ ಕಡೆ ಉಳಿಸಿ ಇಲ್ಲಿ ಖರ್ಚು ಮಾಡಬಹುದು.

ಎಲ್ಲಕ್ಕಿಂತ ಮುಖ್ಯ ಹಳದಿ ಜ್ವರದ ಲಸಿಕೆ. ಸರ್ಟಿಫಿಕೇಟ್ ಇಲ್ಲದೆ ಉಗಾಂಡ ಒಳಗೆ ಬಿಡುವುದಿಲ್ಲ. ಅಲ್ಲಿಂದ ನೇರ ಭಾರತಕ್ಕೆ ಮರಳಿದವರ ಬಳಿ ಅದಿಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ; ಚುಚ್ಚಿಸಿಕೊಂಡ 10 ದಿನದ ನಂತರವೇ ಸರ್ಟಿಫಿಕೇಟಿಗೆ ಬೆಲೆ. 60 ದಾಟಿದವರು, ಗರ್ಭಿಣಿಯರು, ಹಸುಗೂಸು ಇದ್ದವರು ಮೊದಲು ವೈದ್ಯರನ್ನು ಕೇಳಲೇಬೇಕು. ಅವರು ಬೇಡವೆಂದರೆ ಆ ಸಲ ಹಿರಿಯರನ್ನು ಒತ್ತಾಯಿಸಬೇಡಿ. ಮಲೇರಿಯಾ ಮಾತ್ರೆಯನ್ನೂ ಆಗಲೇ ವಿಚಾರಿಸಿ.

ಊಟದ ಚಿಂತೆ ಅಷ್ಟಿಲ್ಲ. ಕಂಪಾಲ, ಗುಲುವಿನಲ್ಲಿ ಮುಸ್ಲಿಮರು ಇದ್ದಾರೆ, ಹಲಾಲ್ ಮಾಂಸ ಸಿಗುತ್ತದೆ. ಉದ್ಯಾನದೊಳಗೆ ಮಾತ್ರ ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಬೀನ್ಸ್, ಮೊಟ್ಟೆ, ಜೋಳದ ಹಿಟ್ಟಿನ ಪೋಶೊ. ಉಪ್ಪಿನಕಾಯಿ ಬಾಟಲಿ ಉಮ್ಮ ಹೇಗೂ ತುಂಬಿಸುತ್ತಾರೆ! ನಮಾಝಿಗೆ ಊರಲ್ಲಿ ಪಶ್ಚಿಮಕ್ಕೆ ನಿಲ್ಲುವ ನಮಗೆ ಅಲ್ಲಿ ಕಿಬ್ಲಾ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ.

ಬಟ್ಟೆಯಲ್ಲಿ ಕಡುನೀಲಿ, ಕಪ್ಪು ಬೇಡ. ಕಚ್ಚುವ ತ್ಸೆತ್ಸೆ ನೊಣ ಆ ಬಣ್ಣಗಳಿಗೇ ಮುತ್ತುತ್ತದೆ. ಕಪ್ಪು ಬುರ್ಖಾ ಹಾಕುವವರು ಬೂದು ಅಥವಾ ಮಣ್ಣಿನ ಬಣ್ಣದ್ದೊಂದನ್ನು ಹೊಲಿಸಿಕೊಂಡರೆ ಒಳ್ಳೆಯದು.