ಉಸಿರು ಉಳಿದರಷ್ಟೇ ಸಾಲದು, ಕಸುವೂ ಉಳಿಯಬೇಕು

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಹಾವು ಕಚ್ಚಿದರೆ, ಬೆಳೆಗೆ ಹೊಡೆಯುವ ಎಣ್ಣೆ ಮೈಗೇರಿದರೆ, ನ್ಯುಮೋನಿಯಾ ಉಲ್ಬಣಿಸಿದರೆ ತಾಲ್ಲೂಕು ಆಸ್ಪತ್ರೆಯಿಂದ ಗದಗ ಮಲ್ಲಸಮುದ್ರದ ಜಿಮ್ಸ್ ಆಸ್ಪತ್ರೆಗೆ, ಇನ್ನೂ ಬಿಗಡಾಯಿಸಿದರೆ ಹುಬ್ಬಳ್ಳಿಯ ಕೆಎಂಸಿಆರ್‌ಐಗೆ (ಹಿಂದಿನ ಕಿಮ್ಸ್‌ಗೆ) ಓಟ. ಐಸಿಯು ಬಾಗಿಲಲ್ಲಿ ನಿಂತ ಮನೆಮಂದಿ ಕೇಳುವುದು ಒಂದೇ ಮಾತು: ‘ಜೀವಕ್ಕೇನೂ ಅಪಾಯ ಇಲ್ಲಲ್ರೀ?’ ‘ಮೊದಲಿನಂಗ ಎದ್ದು ಓಡಾಡ್ತಾರೇನ್ರಿ?’ ಎಂಬ ಪ್ರಶ್ನೆ ಹುಟ್ಟುವುದು ರೋಗಿ ಮನೆ ಸೇರಿದ ಮೇಲೆ. ಅಷ್ಟರಲ್ಲಿ ತೋಳು, ತೊಡೆ ಕರಗಿರುತ್ತವೆ.

ಹತ್ತೇ ದಿನದ ನಷ್ಟ

2013ರಲ್ಲಿ ಪ್ರಕಟವಾದ ಲಂಡನ್ ಅಧ್ಯಯನವೊಂದು 63 ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆಯಿತು. ಹತ್ತು ದಿನಗಳಲ್ಲಿ ಅದು ಸರಾಸರಿ ಶೇ 18ರಷ್ಟು ಸೊರಗಿತ್ತು. ಹಲವು ಅಂಗಗಳು ಸೋತವರಲ್ಲಿ ಸವೆತ ಇನ್ನೂ ಹೆಚ್ಚು. ತೀವ್ರ ಸೋಂಕಿನ ಉರಿಯೂತದಲ್ಲಿ ದೇಹ, ಬರಗಾಲಕ್ಕೆ ಹಗೇವಿನ ಜೋಳ ತೆಗೆದಂತೆ, ತನ್ನ ಸ್ನಾಯುವನ್ನೇ ಒಡೆದು ಬಳಸುತ್ತದೆ. ಅಲುಗದೆ ಮಲಗಿರುವುದು, ಮಂಪರಿನ ಔಷಧ, ನರಗಳಿಗಾಗುವ ಘಾಸಿ ಇದಕ್ಕೆ ಸೇರುತ್ತವೆ. ಉಸಿರೆಳೆಯುವ ವಪೆಯೂ ಬಡವಾಗುವುದರಿಂದ ವೆಂಟಿಲೇಟರ್ ಬಿಡಿಸುವುದು ತಡವಾಗುತ್ತದೆ.

ಬಾಟಲಿ ಊಟವಲ್ಲ

‘ಗ್ಲೂಕೋಸ್ ಹಚ್ಯಾರ, ಶಕ್ತಿ ಬರ್ತದ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಶೇ 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಸುಮಾರು 85 ಕ್ಯಾಲೊರಿ, ಪ್ರೋಟೀನ್ ಸೊನ್ನೆ. ಆದ್ದರಿಂದಲೇ ಬಾಯಿಂದ ಉಣ್ಣಲಾಗದ ರೋಗಿಗೆ ರಕ್ತದೊತ್ತಡ ಸ್ಥಿರವಾಗಿದ್ದರೆ 48 ಗಂಟೆಯೊಳಗೆ ಮೂಗಿನ ನಳಿಕೆಯ ಮೂಲಕ ಆಹಾರ ಶುರುವಾಗಬೇಕು. ಯುರೋಪಿನ ತಜ್ಞರ ಮಾರ್ಗಸೂಚಿ ಹೇಳುವ ಗುರಿ ದಿನಕ್ಕೆ ಕಿಲೋ ತೂಕಕ್ಕೆ 1.3 ಗ್ರಾಂ ಪ್ರೋಟೀನ್. 60 ಕಿಲೋ ತೂಕದವರಿಗೆ ಸುಮಾರು 78 ಗ್ರಾಂ. ಈ ಗುರಿಯನ್ನು ಕೆಲವು ದಿನಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮುಟ್ಟಬೇಕು. ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂದೇನಿಲ್ಲ. 1,300 ರೋಗಿಗಳ ಅಧ್ಯಯನವೊಂದು 2023ರಲ್ಲಿ ಬಂತು; ಗುರಿಯನ್ನು ಕಿಲೋ ತೂಕಕ್ಕೆ 2.2 ಗ್ರಾಂ ಅಥವಾ ಅದಕ್ಕೂ ಮೇಲೆ ಏರಿಸಿದರೂ ಲಾಭ ಕಾಣಲಿಲ್ಲ, ಮೂತ್ರಪಿಂಡ ಸೋತವರಿಗೆ ಕೆಡುಕಾಗಬಹುದೆಂಬ ಸುಳಿವೂ ಸಿಕ್ಕಿತು.

ಹಾಸಿಗೆಯಲ್ಲೇ ವ್ಯಾಯಾಮ

2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ವೆಂಟಿಲೇಟರ್ ಮೇಲಿದ್ದ 104 ರೋಗಿಗಳಿದ್ದರು. ಎಲ್ಲರಿಗೂ ದಿನಕ್ಕೊಮ್ಮೆ ಮಂಪರು ಇಳಿಸುತ್ತಿದ್ದರು; ಅವರಲ್ಲಿ ಬೇಗನೆ ಕೈಕಾಲು ಆಡಿಸಲು ತೊಡಗಿದವರ ಪೈಕಿ ಶೇ 59 ಮಂದಿ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು. ಉಳಿದ ಗುಂಪಿನಲ್ಲಿ ಶೇ 35 ಮಾತ್ರ. 2022ರಲ್ಲಿ 750 ರೋಗಿಗಳ ಮೇಲೆ ನಡೆದ ಪರೀಕ್ಷೆ ಎಚ್ಚರಿಕೆಯನ್ನೂ ಹೇಳಿತು: ವಾಡಿಕೆಯ ವ್ಯಾಯಾಮಕ್ಕಿಂತ ಹೆಚ್ಚು ದುಡಿಸಿದರೆ ಹೆಚ್ಚುವರಿ ಲಾಭವಿಲ್ಲ, ತೊಂದರೆಗಳು ಹೆಚ್ಚು. ಹಾಗಾಗಿ ಬೇಗ ತೊಡಗಬೇಕು, ಹದ ಮೀರಬಾರದು. ಮೊದಲು ಫಿಸಿಯೊಥೆರಪಿಸ್ಟ್ ಕೀಲುಗಳನ್ನು ಆಡಿಸುತ್ತಾರೆ. ಬಳಿಕ ರೋಗಿಯೇ ಕಾಲು ಎತ್ತುವುದು, ಮಂಚದ ಅಂಚಿಗೆ ಕೂರುವುದು, ನಿಲ್ಲುವುದು, ನಡೆಯುವುದು.

ಮನೆಯಲ್ಲಿ ಉಳಿದರ್ಧ

ಊರಿಗೆ ಬಂದವರನ್ನು ‘ಭಾಳ ನಿತ್ರಾಣ ಆಗ್ಯಾರ, ಮಲಗಲಿ ಬಿಡ್ರಿ’ ಎಂದು ಗಂಜಿ ಕುಡಿಸಿ ಮಲಗಿಸುವುದು ಪ್ರೀತಿಯಿಂದಲೇ. ಆದರೆ ಬರೀ ಗಂಜಿಯಿಂದ ತೊಡೆ ತುಂಬುವುದಿಲ್ಲ. ಗದಗ ಮಾರುಕಟ್ಟೆಗೆ ಹೆಸರು ತಂದ ಹೆಸರುಕಾಳಿನಲ್ಲಿ, ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಜೋಳದ ರೊಟ್ಟಿಯ ಜತೆ ಕಾಳುಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಪ್ರತಿ ಹೊತ್ತಿನ ಊಟದಲ್ಲೂ ಇರಲಿ. ವೆಂಟಿಲೇಟರ್‌ಗಾಗಿ ಗಂಟಲಿಗೆ ಹಾಕಿದ ನಳಿಕೆ ತೆಗೆದ ಹೊಸತರಲ್ಲಿ ನುಂಗುವ ಶಕ್ತಿ ಪರೀಕ್ಷಿಸದೆ ಏನನ್ನೂ ಬಾಯಿಗೆ ಹಾಕಬೇಡಿ. ಮೂತ್ರಪಿಂಡದ ತೊಂದರೆಯಿದ್ದರೆ ಪ್ರೋಟೀನ್ ಪ್ರಮಾಣವನ್ನು ವೈದ್ಯರೇ ಹೇಳಬೇಕು. ವ್ಯಾಯಾಮಕ್ಕೆ ಒಬ್ಬರು ಪಕ್ಕದಲ್ಲಿದ್ದು ಕುರ್ಚಿಯಿಂದ ಏಳಿಸಿ ಕೂರಿಸುವುದು, ಅಂಗಳದಲ್ಲಿ ನಾಲ್ಕು ಹೆಜ್ಜೆ, ಮರುದಿನ ಇನ್ನೆರಡು. ಎದೆನೋವು, ವಿಪರೀತ ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ನಿಮ್ಮವರು ಐಸಿಯುನಲ್ಲಿದ್ದರೆ ಸಂಕೋಚವಿಲ್ಲದೆ ಕೇಳಿ: ಇವತ್ತು ಎಷ್ಟು ಪ್ರೋಟೀನ್ ಹೋಯಿತು? ಫಿಸಿಯೊಥೆರಪಿ ಆಯಿತೇ? ಮಂಪರು ಇಳಿಸಬಹುದೇ? ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಜೊತೆ ಊಟದ ಲೆಕ್ಕವನ್ನೂ ವ್ಯಾಯಾಮದ ಪಟ್ಟಿಯನ್ನೂ ಬರೆಸಿಕೊಳ್ಳಿ. ದುಡಿದು ಉಣ್ಣುವ ಮನೆಗಳಲ್ಲಿ ರಟ್ಟೆಯ ಕಸುವೇ ಬದುಕು; ಅದನ್ನು ಉಳಿಸುವುದೂ ಜೀವ ಉಳಿಸುವ ಚಿಕಿತ್ಸೆಯೇ.